ಪಂಚಾಯಿತಿಯ ಕಪಾಟಿನಲ್ಲಿ ಮಲಗಿರುವ ಕಾಯಿದೆ

ಕಳೆದ ಮಳೆಗಾಲದಲ್ಲಿ ಘಟ್ಟದ ಮೇಲಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಅರ್ಧ ದಿನ ಕಳೆಯುವ ಸಂದರ್ಭ ಒದಗಿತು. ಅಲ್ಲಿಯ ಜನತಾ ಜೀವವೈವಿಧ್ಯ ದಾಖಲಾತಿಯನ್ನು ನೋಡಬೇಕೆಂಬುದು ನನ್ನ ಅಪೇಕ್ಷೆಯಾಗಿತ್ತು. ಅಂಥದೊಂದು ದಾಖಲೆ ತಮ್ಮಲ್ಲಿದೆಯೆಂಬುದೇ ಕಚೇರಿಯವರಿಗೆ ಮೊದಲು ನೆನಪಾಗಲಿಲ್ಲ. ಹಳೆಯ ಕಂದಾಯ ವಹಿಗಳ ಅಡಿಯಿಂದ ಕೊನೆಗೂ ಅದು ಹೊರಬಂದಿತು. ಗಟ್ಟಿ ರಟ್ಟು, ಬಣ್ಣದ ಮುಖಪುಟ, ಒಳಗೆ ನೂರರಷ್ಟು ಪುಟಗಳು. ಮರಗಳ ಪಟ್ಟಿಯ ಆರಂಭದಲ್ಲೇ ಬೇವು, ಜಾಲಿ, ಹುಣಸೆ! ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ಅದು. ಅಲ್ಲಿ ಜಾಲಿಯ ಮರ ಹುಡುಕಿದರೂ ಸಿಗದು. ಉಪ್ಪಾಗೆಯ ಹೆಸರಿಲ್ಲ, ರಾಮಪತ್ರೆಯಿಲ್ಲ, ವಾಟೆಯಿಲ್ಲ. ಹೊಳೆಯ ದಂಡೆಯುದ್ದಕ್ಕೂ ನಿಂತಿರುವ ಅಪ್ಪೆಮಿಡಿ ಮರಗಳಿಗೆಲ್ಲ ಸೇರಿ 'ಮಾವು' ಎಂಬ ಒಂದೇ ಪದ. ಭತ್ತದ ಅಂಕಣದಲ್ಲಿ ಎರಡು ತಳಿಗಳು, ಎರಡೂ ನಮ್ಮಂಥವರು ಸಂಶೋಧನಾ ಕೇಂದ್ರಗಳಿಂದ ಬಿಡುಗಡೆ ಮಾಡಿದವು. ವಾರಗಟ್ಟಲೆ ನೆರೆನೀರಿನಲ್ಲಿ ಮುಳುಗಿದ್ದರೂ ಮತ್ತೆ ಚಿಗುರುವ ನೆರೆಗುಳಿ, ಏಡಿಕುಣಿಗಳಂಥ ಭತ್ತವನ್ನು ಆ ಗದ್ದೆಬಯಲಿನಲ್ಲೇ ಬೆಳೆಯುತ್ತಿದ್ದವರು ಇನ್ನೂ ಬದುಕಿದ್ದಾರೆ. ಅವರನ್ನು ಯಾರೂ ಕೇಳಿರಲಿಲ್ಲ.

ಬಯಲುಸೀಮೆಯ ಯಾವುದೋ ತಾಲ್ಲೂಕಿಗಾಗಿ ಸಿದ್ಧಪಡಿಸಿದ ಕಡತದಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿ ಇಲ್ಲಿಗೂ ಒಪ್ಪಿಸಲಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ನಗು ಬರುವ ಸಂಗತಿಯಾದರೂ ಇದು ಕೇವಲ ಕಾರಕೂನಿಕೆಯ ದೋಷವಲ್ಲ. ತನ್ನ ಸುತ್ತಲಿನ ಜೀವಸಂಪತ್ತಿನ ಮೇಲೆ ಗ್ರಾಮವೊಂದಕ್ಕೆ ಈ ದೇಶದ ಶಾಸನ ಕೊಟ್ಟಿರುವ ಅಧಿಕಾರಕ್ಕೆ ಆ ಪುಸ್ತಕವೇ ಆಧಾರ. ಪುಸ್ತಕ ಸುಳ್ಳಾದರೆ ಅಧಿಕಾರವೂ ಪೊಳ್ಳಾಗುತ್ತದೆ.

ಜೈವಿಕ ವೈವಿಧ್ಯ ಕಾಯಿದೆಯನ್ನು ಸಂಸತ್ತು 2002ರಲ್ಲಿ ಅಂಗೀಕರಿಸಿತು. 1992ರ ರಿಯೊ ಸಮ್ಮೇಳನದಲ್ಲಿ ಸಹಿಗೆ ತೆರೆದಿಟ್ಟ ಅಂತರರಾಷ್ಟ್ರೀಯ ಒಡಂಬಡಿಕೆ ಅದರ ಹಿನ್ನೆಲೆ. ಚೆನ್ನೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಗಳಲ್ಲಿ ಜೀವವೈವಿಧ್ಯ ಮಂಡಳಿ, ಸ್ಥಳೀಯ ಸಂಸ್ಥೆಗಳಲ್ಲಿ ನಿರ್ವಹಣಾ ಸಮಿತಿ ಎಂದು ಮೂರು ಹಂತದ ವ್ಯವಸ್ಥೆ. ಇದರ 41ನೇ ಕಲಮನ್ನು ನಮ್ಮ ಕಾರ್ಯಕರ್ತರು ಎಷ್ಟು ಮಂದಿ ಓದಿದ್ದಾರೋ ತಿಳಿಯದು. ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಸಮಿತಿಯನ್ನು ರಚಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ಆ ಸಮಿತಿಯ ವ್ಯಾಪ್ತಿಯಲ್ಲಿರುವ ಜೈವಿಕ ಸಂಪನ್ಮೂಲವನ್ನಾಗಲಿ, ಅದಕ್ಕೆ ಸಂಬಂಧಿಸಿದ ಜ್ಞಾನವನ್ನಾಗಲಿ ಬಳಸುವ ಬಗ್ಗೆ ಪ್ರಾಧಿಕಾರವೂ ಮಂಡಳಿಯೂ ನಿರ್ಧಾರ ಕೈಗೊಳ್ಳುವಾಗ ಸಮಿತಿಯೊಡನೆ ಸಮಾಲೋಚಿಸಲೇಬೇಕು. ವ್ಯಾಪಾರಕ್ಕಾಗಿ ಅಲ್ಲಿಂದ ಸಂಗ್ರಹಿಸುವವರ ಮೇಲೆ ಶುಲ್ಕ ವಿಧಿಸುವ ಅಧಿಕಾರವೂ ಸಮಿತಿಗಿದೆ. ಅದನ್ನು ಜಮೆ ಮಾಡಲು ಸ್ಥಳೀಯ ಜೀವವೈವಿಧ್ಯ ನಿಧಿಯೆಂಬ ಬೇರೆಯೇ ಲೆಕ್ಕಶೀರ್ಷಿಕೆಯಿದೆ. ಅರಣ್ಯದ ವಿಷಯದಲ್ಲಿ ನೂರಾರು ವರ್ಷಗಳಿಂದ ಅರ್ಜಿದಾರನಾಗಿಯೇ ನಿಂತಿದ್ದ ಹಳ್ಳಿಗನಿಗೆ 'ನಿನ್ನನ್ನು ಕೇಳಬೇಕು, ನಿನಗೆ ಕೊಡಬೇಕು' ಎಂದು ಹೇಳಿದ ಶಾಸನಗಳು ವಿರಳ. ಇದು ಅವುಗಳಲ್ಲೊಂದು.

ಊರಿನವರೇ ಕುಳಿತು ತಮ್ಮ ಗಿಡಮರ, ಮೀನು, ಬಿತ್ತನೆ ಬೀಜ, ಮದ್ದಿನ ತಿಳಿವಳಿಕೆಯನ್ನು ದಾಖಲಿಸುವ ಕಲ್ಪನೆಗೂ ಕರ್ನಾಟಕಕ್ಕೂ ಹತ್ತಿರದ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರೂ ಅವರ ಸಹೋದ್ಯೋಗಿಗಳೂ ತೊಂಬತ್ತರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರನ್ನು, ಹಳ್ಳಿಗರನ್ನು ಜೊತೆಗೂಡಿಸಿಕೊಂಡು ಇದನ್ನು ರೂಢಿಗೆ ತಂದರು. ಅದೇ ಮುಂದೆ ಕಾನೂನಿನೊಳಗೆ ಸೇರಿತು. ನಮ್ಮಲ್ಲಿ ಹುಟ್ಟಿದ ಕೂಸು ನಮ್ಮಲ್ಲೇ ಅನಾಥವಾಯಿತೆಂಬುದು ವಿಪರ್ಯಾಸ.

ಅನಾಥವಾದದ್ದು ಹೇಗೆ? ಒಂದು ದಶಕಕ್ಕೂ ಹೆಚ್ಚು ಕಾಲ ಬಹುತೇಕ ರಾಜ್ಯಗಳು ಸಮಿತಿಗಳನ್ನೇ ರಚಿಸಲಿಲ್ಲ. 2016ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಬಂದಿತು. 2020ರ ಜನವರಿ 31ರೊಳಗೆ ಎಲ್ಲ ಸ್ಥಳೀಯ ಸಂಸ್ಥೆಗಳಲ್ಲೂ ಸಮಿತಿಗಳೂ ದಾಖಲಾತಿಗಳೂ ಸಿದ್ಧವಾಗಬೇಕು, ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ನ್ಯಾಯಾಧಿಕರಣ 2019ರಲ್ಲಿ ಆದೇಶಿಸಿತು. ಆದೇಶದ ಉದ್ದೇಶ ಒಳ್ಳೆಯದೇ. ಆದರೆ ದಂಡದ ಭಯಕ್ಕೆ ಸರ್ಕಾರಗಳು ಮಾಡಿದ್ದೇನು? ವರ್ಷಗಟ್ಟಲೆ ಆಗದ ಕೆಲಸವನ್ನು ತಿಂಗಳುಗಳಲ್ಲಿ ಮುಗಿಸಿದವು. ಇಂದು ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳೂ ಹೆಚ್ಚುಕಡಿಮೆ ಅಷ್ಟೇ ದಾಖಲಾತಿಗಳೂ ಇವೆಯೆಂಬುದು ಸರ್ಕಾರಿ ಲೆಕ್ಕ. ಒಂದು ಊರಿನ ದಾಖಲಾತಿಗೆ ಕನಿಷ್ಠ ಒಂದು ವರ್ಷದ ಎಲ್ಲ ಋತುಗಳೂ ಬೇಕು. ಮಳೆಗಾಲದ ಅಣಬೆ, ಹತ್ತುಮೀನು, ಮಾಘದ ಹೂವು, ಬೇಸಿಗೆಯ ಹಣ್ಣು ಇವೆಲ್ಲ ಒಂದು ವಾರದಲ್ಲಿ ಕಾಣಿಸುವಂಥವಲ್ಲ. ಗುತ್ತಿಗೆಗೆ ಕೊಟ್ಟು ಬರೆಸಿದ ದಾಖಲೆಯಲ್ಲಿ ಜಾಲಿ ಬರದೆ ಮತ್ತೇನು ಬಂದೀತು?

ಈಗ ಉಪ್ಪಾಗೆಯ ವಿಷಯಕ್ಕೆ ಬರೋಣ. ಇದು ನಮ್ಮ ಕಾಡಿನ ಅತ್ಯಂತ ಬೆಲೆಬಾಳುವ ಕಿರು ಉತ್ಪನ್ನಗಳಲ್ಲೊಂದು. ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ ಸೀಮಿತವಾಗಿದ್ದ ಹಣ್ಣು, ಅದರ ಸಿಪ್ಪೆಯ ಆಮ್ಲದಿಂದ ಬೊಜ್ಜು ಕರಗುತ್ತದೆಂಬ ಪ್ರಚಾರ ತೊಂಬತ್ತರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿದ ಮೇಲೆ ಒಮ್ಮೆಲೇ ರಫ್ತಿನ ಸರಕಾಯಿತು. ಅರಣ್ಯ ಇಲಾಖೆ ಸಂಗ್ರಹದ ಹಕ್ಕನ್ನು ಟೆಂಡರು ಮಾಡುತ್ತದೆ, ಗುತ್ತಿಗೆದಾರ ಹಿಡಿಯುತ್ತಾನೆ, ಕಾಯಿ ಕೊಯ್ಯುವವರು ಕೂಲಿಯವರು. ನೆರೆಯವನು ಕೊಯ್ಯುವ ಮೊದಲು ತಾನು ಕೊಯ್ಯಬೇಕೆಂಬ ಪೈಪೋಟಿಯಲ್ಲಿ ಕಾಯಿ ಹಣ್ಣಾಗುವವರೆಗೆ ಕಾಯುವವರಿಲ್ಲ. ಕೊಂಬೆಗಳನ್ನೇ ಕಡಿದು ಕೆಳಗಿಳಿಸುತ್ತಾರೆ. ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸಲು ಒಲೆಗೆ ಒಟ್ಟುವ ಸೌದೆಯೂ ಅದೇ ಕಾಡಿನದು. ಬಲಿಯದ ಕಾಯಿಯ ಬೀಜ ಮೊಳೆಯದು, ಬಲಿತ ಹಣ್ಣು ನೆಲಕ್ಕೆ ಬೀಳದು. ಹೀಗಿದ್ದಾಗ ಹೊಸ ಸಸಿ ಎಲ್ಲಿಂದ ಬರಬೇಕು?

41ನೇ ಕಲಮು ಜೀವಂತವಾಗಿದ್ದಲ್ಲಿ ಈ ಚಿತ್ರ ಬೇರೆಯಾಗಬಹುದಿತ್ತು. ಊರಿನ ಸಮಿತಿ ಕೊಯ್ಲಿನ ದಿನವನ್ನು ನಿಗದಿಪಡಿಸಿ, ಕೊಂಬೆ ಕಡಿಯಕೂಡದೆಂದು ಠರಾವು ಮಾಡಿ, ಗುತ್ತಿಗೆದಾರನಿಂದ ಕ್ವಿಂಟಾಲಿಗೆ ಇಂತಿಷ್ಟು ಶುಲ್ಕ ಪಡೆದು, ಆ ಹಣದಿಂದ ಸೌದೆ ಉಳಿಸುವ ಒಣಗಿಸುವ ಒಲೆಗಳನ್ನು ಕಟ್ಟಿಸಬಹುದಿತ್ತು. ಅರಣ್ಯ ಇಲಾಖೆ ಇದಕ್ಕೆ ಸುಲಭವಾಗಿ ಒಪ್ಪಲಾರದು, ನಿಜ. ಕಾಯ್ದಿಟ್ಟ ಅರಣ್ಯದಲ್ಲಿ ಪಂಚಾಯಿತಿಗೇನು ಕೆಲಸವೆಂದು ಕೇಳುತ್ತದೆ. ಕೇಳಲಿ. ಆ ವಾದ ನಡೆಯಬೇಕಾದರೂ ಮೊದಲು ಒಂದು ಠರಾವು ಇರಬೇಕಲ್ಲ? ಶುಲ್ಕದ ಠರಾವಿನ ಕುರಿತು ನಾನು ವಿಚಾರಿಸಿದ ಪಂಚಾಯಿತಿಗಳಲ್ಲಿ ಒಂದೂ ಅದನ್ನು ಮಾಡಿರಲಿಲ್ಲ.

ಸಮಾಲೋಚನೆಯ ಹಕ್ಕು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ನನ್ನದೇ ಕ್ಷೇತ್ರದಿಂದ ಉದಾಹರಣೆ ಕೊಡುವುದು ನ್ಯಾಯ. ಬಿಟಿ ಬದನೆಯನ್ನು ರೂಪಿಸುವಾಗ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಬಳಸಲಾಯಿತು. ಉಡುಪಿ, ಕುಡಚಿಯ ತಳಿಗಳು ಅವುಗಳಲ್ಲಿದ್ದವು. ಮಂಡಳಿಯ ಒಪ್ಪಿಗೆಯಿಲ್ಲದೆ, ಸ್ಥಳೀಯ ಸಮಿತಿಗಳ ಅರಿವಿಗೆ ಬಾರದೆ ಇದು ನಡೆಯಿತೆಂದು ಬೆಂಗಳೂರಿನ ಪರಿಸರ ಸಂಘಟನೆಯೊಂದು 2010ರಲ್ಲಿ ದೂರಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಬಿಟಿ ಬದನೆಯ ಬಿಡುಗಡೆಯನ್ನು ತಡೆಹಿಡಿದರು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಬೀಜ ಕಂಪೆನಿಯೊಂದರ ಮತ್ತು ಕೃಷಿ ವಿಶ್ವವಿದ್ಯಾಲಯದವರ ಮೇಲೆ ಮೊಕದ್ದಮೆ ದಾಖಲಾಯಿತು. ಆಗ ನನ್ನ ವೃತ್ತಿಬಾಂಧವರಲ್ಲಿ ಹಲವರಿಗೆ ಕೋಪ ಬಂದಿತ್ತು. ಸಂಶೋಧನೆಗೂ ಪಂಚಾಯಿತಿಯ ಅಪ್ಪಣೆ ಬೇಕೇ ಎಂದರು. ನನ್ನ ಅಭಿಪ್ರಾಯ ಅಂದೂ ಇಂದೂ ಒಂದೇ: ತಳಿಯನ್ನು ತಲೆಮಾರುಗಳ ಕಾಲ ಆರಿಸಿ ಉಳಿಸಿದವರು ರೈತರು. ನಾವು ಅದನ್ನು ಅವರ ಹಿತ್ತಿಲಿನಿಂದ ಎತ್ತಿಕೊಂಡು ಬಂದು ಪ್ರಯೋಗಾಲಯದ ಸಂಖ್ಯೆ ಅಂಟಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಕೇಳಿ ಪಡೆಯುವುದರಲ್ಲಿ ವಿಜ್ಞಾನಕ್ಕೆ ಅವಮಾನವೇನೂ ಇಲ್ಲ.

ಲಾಭದ ಹಂಚಿಕೆಯ ಕಥೆಯೂ ಹೀಗೆಯೇ. ದೇಶೀಯ ಕಂಪೆನಿಗಳು ಪಾಲು ಕೊಡಬೇಕಿಲ್ಲ, ಆ ಹೊಣೆ ವಿದೇಶೀಯರಿಗೆ ಮಾತ್ರ ಎಂಬ ವಾದವನ್ನು ಉತ್ತರಾಖಂಡದ ಉಚ್ಚ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತಳ್ಳಿಹಾಕಿತು. 2014ರ ಮಾರ್ಗಸೂಚಿಗಳ ಪ್ರಕಾರ ರಾಜ್ಯ ಮಂಡಳಿ ತನ್ನಲ್ಲಿ ಇಟ್ಟುಕೊಳ್ಳಬಹುದಾಗಿದ್ದದ್ದು ಶೇಕಡಾ 5 ಮಾತ್ರ, ಉಳಿದದ್ದು ಸಂಬಂಧಪಟ್ಟ ಸಮಿತಿಗೆ ಅಥವಾ ಹಕ್ಕುದಾರರಿಗೆ. ಸಂಪನ್ಮೂಲ ಯಾವ ಊರಿನದೆಂದು ಗೊತ್ತಾಗದಿದ್ದರೆ ಆ ಹಣ ಸಂರಕ್ಷಣೆಯ ಸಾಮಾನ್ಯ ಕೆಲಸಗಳಿಗೆ ಹೋಗುತ್ತದೆ. ನಿಮ್ಮ ಊರಿನ ದಾಖಲಾತಿಯಲ್ಲಿ ಏಕನಾಯಕನ ಬೇರು, ಅಶೋಕದ ತೊಗಟೆ, ಹಾಲುಮಡ್ಡಿಗಳ ಬದಲು ಜಾಲಿಯಿದ್ದರೆ 'ಇದು ನಮ್ಮ ಕಾಡಿನದು' ಎಂದು ಹೇಳಲು ನಿಮ್ಮ ಕೈಯಲ್ಲೇನಿರುತ್ತದೆ?

ಇಷ್ಟರ ನಡುವೆ ಕಾಯಿದೆಯೇ ಸಡಿಲಗೊಂಡಿದೆ. 2023ರ ಆಗಸ್ಟಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹಿಂದೆ ಈ ಕಾಯಿದೆಯಡಿಯ ಅಪರಾಧಗಳು ಸಂಜ್ಞೇಯ, ಜಾಮೀನುರಹಿತ. ಸೆರೆವಾಸದ ಶಿಕ್ಷೆಯೂ ಇತ್ತು. ಈಗ ಸೆರೆವಾಸವಿಲ್ಲ, 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ದಂಡ. ತಪ್ಪು ಮುಂದುವರಿದರೆ ಇನ್ನಷ್ಟು. ದಂಡ ನಿರ್ಧರಿಸುವವರು ನ್ಯಾಯಾಧೀಶರಲ್ಲ, ಕಾರ್ಯದರ್ಶಿ ಮಟ್ಟದ ಸರ್ಕಾರಿ ಅಧಿಕಾರಿ. ಸಾಗರದ ಅಥವಾ ಯಲ್ಲಾಪುರದ ಹಳ್ಳಿಯ ಸಮಿತಿಯೊಂದು ಅಲ್ಲಿಯವರೆಗೆ ಹೋಗಿ ಬರುವುದನ್ನು ಊಹಿಸಿಕೊಳ್ಳಿ! ಪುಸ್ತಕಸ್ಥವಾದ ಸಾಂಪ್ರದಾಯಿಕ ಜ್ಞಾನಕ್ಕೂ, ಬೆಳೆಸಿದ ಔಷಧೀಯ ಸಸ್ಯಗಳಿಗೂ ವಿನಾಯಿತಿ ದೊರೆತಿದೆ. ಬೆಳೆಸುವವರಿಗೆ ಕಿರುಕುಳ ತಪ್ಪಿದರೆ ರೈತನಾಗಿ ನನಗೂ ಸಂತೋಷವೇ. ಆದರೆ ಕಾಡಿನಿಂದ ಕಿತ್ತ ಬೇರಿಗೂ ತೋಟದಲ್ಲಿ ಬೆಳೆದ ಬೇರಿಗೂ ಮೂಟೆ ಕಟ್ಟಿದ ಮೇಲೆ ವ್ಯತ್ಯಾಸ ಕಾಣದು. ವ್ಯತ್ಯಾಸವನ್ನು ತೋರಿಸಬೇಕಾದದ್ದು ಮೂಲ ಪ್ರಮಾಣಪತ್ರ, ಮತ್ತು ಅದರಲ್ಲಿ ಸ್ಥಳೀಯ ಸಮಿತಿಗೆ ಪಾತ್ರವಿದೆ. ನಿದ್ರಿಸುವ ಸಮಿತಿಯ ಸಹಿ ಎಷ್ಟು ಸುಲಭವಾಗಿ ಸಿಕ್ಕೀತೆಂಬುದನ್ನು ವಿವರಿಸಬೇಕಾಗಿಲ್ಲ.

ತಿದ್ದುಪಡಿಯ ಇನ್ನೊಂದು ಅಂಶ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಮಟ್ಟದಲ್ಲೂ ಸಮಿತಿಗಳನ್ನು ರಚಿಸಲು ಸಿಕ್ಕಿರುವ ಅವಕಾಶ. ಕರ್ನಾಟಕದಲ್ಲಿ ಇದರ ಅರ್ಥವೇನು? ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ಅಧಿಕಾರದಲ್ಲಿದ್ದ ಪಕ್ಷಗಳು ಮೀಸಲಾತಿ, ಕ್ಷೇತ್ರ ವಿಂಗಡಣೆ ಎಂದು ಹೇಳಿಕೊಂಡು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಾಲ ನೂಕಿದ್ದನ್ನು ಕಂಡಿದ್ದೇವೆ. ಜನಪ್ರತಿನಿಧಿಗಳೇ ಇಲ್ಲದ ಸಂಸ್ಥೆಯಲ್ಲಿ ಸಮಿತಿಯೆಂದರೆ ಅಧಿಕಾರಿಗಳ ಸಮಿತಿ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ವಿವಾದ ಬಂದಾಗ ಇದೇ ಪಕ್ಷಗಳ ಮುಖಂಡರು ಹಳ್ಳಿಯ ಹೆಸರಿನಲ್ಲಿ ಗುಡುಗಿದರು. 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿತ್ತು. ಆಡಳಿತದಲ್ಲಿ ಯಾವ ಪಕ್ಷವಿದ್ದರೂ ಉತ್ತರ ನಿರಾಕರಣೆಯೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಜನರನ್ನು ಕೇಳದೆ ದಿಲ್ಲಿಯಲ್ಲಿ ನಕ್ಷೆ ಬರೆದರೆಂಬ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕೆಂದು 2011ರ ಗಾಡ್ಗೀಳ್ ವರದಿಯೇ ಹೇಳಿತ್ತು. ಆದರೆ 'ಜನರನ್ನು ಕೇಳಿ' ಎನ್ನುವ ಶಾಸನ ಎರಡು ದಶಕಗಳಿಂದ ಕೈಯಲ್ಲೇ ಇದ್ದಾಗ ಅದಕ್ಕೆ ಜೀವ ಕೊಡಲು ಈ ಮುಖಂಡರಲ್ಲಿ ಒಬ್ಬರಾದರೂ ವಿಧಾನಸಭೆಯಲ್ಲಿ ಹೋರಾಡಿದ್ದುಂಟೆ? ಹಳ್ಳಿಯ ಮೇಲಿನ ಪ್ರೀತಿ ಬೇಡವೆನ್ನುವಾಗ ಮಾತ್ರ ಉಕ್ಕಿ ಬರುತ್ತದೆ.

ಇನ್ನು ನಮ್ಮ ಕಡೆಯ ತಪ್ಪು. ಚಳವಳಿಯವರಾದ ನಾವು ಮನವಿ ಹಿಡಿದು ಬೆಂಗಳೂರಿಗೆ ಹೋದಷ್ಟು ಸಲ ನಮ್ಮದೇ ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕವನ್ನು ತೆರೆದು ನೋಡಿಲ್ಲ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾರ್ವಜನಿಕ ಆಲಿಕೆ 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ಲಿನಲ್ಲಿಯೂ ಗೇರುಸೊಪ್ಪೆಯಲ್ಲಿಯೂ ನಡೆಯಿತು. ಜನ ಒಗ್ಗಟ್ಟಿನಿಂದ ವಿರೋಧಿಸಿದರು, ಶ್ಲಾಘನೀಯ. ಜೈವಿಕ ವೈವಿಧ್ಯ ಕಾಯಿದೆಯ ಸಮಾಲೋಚನೆಯ ವಿಧಿ ಅಣೆಕಟ್ಟೆ, ಸುರಂಗಗಳ ಅನುಮತಿಗೆ ನೇರವಾಗಿ ಅನ್ವಯಿಸದು, ಅದನ್ನು ಒಪ್ಪಬೇಕು. ಆದರೂ ಇಂಥ ಆಲಿಕೆಗಳಲ್ಲಿ ಹಳ್ಳಿಗನ ಮಾತು 'ಅಭಿಪ್ರಾಯ'ವೆಂದೂ ಕಂಪೆನಿಯ ಸಲಹೆಗಾರ ಮೂರು ದಿನ ಸುತ್ತಾಡಿ ಬರೆದದ್ದು 'ಅಧ್ಯಯನ'ವೆಂದೂ ಪರಿಗಣಿತವಾಗುತ್ತದೆ. ಊರಿನ ಸಮಿತಿ ವರ್ಷವಿಡೀ ನೋಡಿ ಬರೆದು, ಗ್ರಾಮಸಭೆಯಲ್ಲಿ ಓದಿ ಅಂಗೀಕರಿಸಿದ ದಾಖಲಾತಿ ಮೇಜಿನ ಮೇಲಿದ್ದರೆ ಅದು ಶಾಸನಬದ್ಧ ದಾಖಲೆ. ಸಿಂಗಳೀಕ ಯಾವ ಕಾನಿನಲ್ಲಿ ಯಾವ ತಿಂಗಳು ಯಾವ ಹಣ್ಣು ತಿನ್ನುತ್ತದೆಂದು ಅದರಲ್ಲಿದ್ದರೆ ಸಲಹೆಗಾರನೇ ಉತ್ತರ ಕೊಡಬೇಕಾಗುತ್ತದೆ.

ಈ ಕಾಯಿದೆಯಿಂದ ಏನೂ ಆಗದೆಂದು ನಿರಾಶರಾಗುವವರು ಅಂಬಾರಗುಡ್ಡವನ್ನು ನೋಡಲಿ. ಶರಾವತಿ ಹಿನ್ನೀರಿನ ಆಚೆಯ ಆ ಗುಡ್ಡಸಾಲಿನಲ್ಲಿ ಗಣಿಗಾರಿಕೆಯ ವಿರುದ್ಧ ಜನರು ಹೋರಾಡಿದರು. 2011ರಲ್ಲಿ ಅಲ್ಲಿಯ 3,857 ಹೆಕ್ಟೇರ್ ಪ್ರದೇಶ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರ ಹೀಗೆ ಘೋಷಿಸಬಹುದೆಂಬುದು ಇದೇ ಕಾಯಿದೆಯ 37ನೇ ಕಲಮು. ಜನ ಎಚ್ಚರವಿದ್ದಲ್ಲಿ ಕಲಮು ಕೆಲಸ ಮಾಡಿತು.

ಹಸಲರ ಕೇರಿಯ ಒಬ್ಬ ಹಿರಿಯ ಹೆಂಗಸಿನ ಬಳಿ ಇದೇ ವಿಷಯ ಮಾತನಾಡುತ್ತಿದ್ದೆ. ಉಪ್ಪಾಗೆ ಸಿಪ್ಪೆ ಒಣಗಿಸುವ ಒಲೆಯ ಮುಂದೆ ಕುಳಿತಿದ್ದರು. ನನ್ನನ್ನು ಡಾಕ್ಟರೆಂದು ಯಾರೋ ಪರಿಚಯಿಸಿದ್ದರಿಂದ ದನದ ಕೆಚ್ಚಲು ಬಾವಿಗೆ ಮದ್ದು ಕೇಳಿದರು. ನಾನು ಆ ಡಾಕ್ಟರಲ್ಲವೆಂದು ತಿಳಿಸಿದ ಮೇಲೆ ತಾವೇ ಒಂದು ಮದ್ದು ಹೇಳಿದರು. ಇದನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಸಬಹುದಲ್ಲ ಅಮ್ಮ ಎಂದೆ. "ಬರೆದ್ರೆ ಯಾರ್ ಯಾರೋ ಓದ್ತಾರೆ ತಮ್ಮಾ. ಆಮೇಲೆ ಬೇರು ಉಳೀತದಾ?" ಎಂದರು. ಈ ಸಂಶಯ ಸಾಧುವಾದದ್ದು. ದಾಖಲಿಸುವುದೆಂದರೆ ಕಳ್ಳನಿಗೆ ದಾರಿ ತೋರಿಸುವುದೂ ಆಗಬಹುದು. ಪುಸ್ತಕಸ್ಥ ಜ್ಞಾನಕ್ಕೆ ವಿನಾಯಿತಿ ದೊರೆತಿರುವ ಈ ಕಾಲದಲ್ಲಿ ಊರಿನ ದಾಖಲಾತಿಯೇ ಆ ವಿನಾಯಿತಿಗೆ ನೆಪವಾಗದಂತೆ ಸರ್ಕಾರ ಸ್ಪಷ್ಟ ಮಾತುಗಳಲ್ಲಿ ಆದೇಶ ಹೊರಡಿಸಬೇಕು. ಗಿಡ ಯಾವುದೆಂದು ಬರೆಯೋಣ, ಎಲ್ಲಿದೆ, ಹೇಗೆ ಬಳಸುತ್ತಾರೆಂಬುದನ್ನು ಹೇಳುವವರ ಒಪ್ಪಿಗೆಯಿದ್ದರೆ ಮಾತ್ರ ಬರೆಯೋಣ. ಮದ್ದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ರಾಜ್ಯದ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳ ದಾಖಲಾತಿಗಳನ್ನೆಲ್ಲ ಒಮ್ಮೆಗೇ ತಿದ್ದಬೇಕೆಂದು ಒತ್ತಾಯಿಸಿದರೆ ಮತ್ತೆ ಗುತ್ತಿಗೆದಾರರೇ ಬರುತ್ತಾರೆ. ಮಲೆನಾಡಿನ ನಾಲ್ಕೈದು ತಾಲ್ಲೂಕುಗಳಲ್ಲಿ ನಾವೇ ಆರಂಭಿಸಬಹುದು. ಶಾಲೆಯ ಮೇಷ್ಟ್ರು, ನಾಟಿ ವೈದ್ಯರು, ಕಾಯಿ ಕೊಯ್ಯುವವರು, ಬೀಜ ಕಾಯ್ದಿಟ್ಟ ಹೆಂಗಸರು ಸಮಿತಿಯಲ್ಲಿರಬೇಕು. ಪಂಚಾಯಿತಿ ಸದಸ್ಯರ ನೆಂಟರಲ್ಲ. ಲಾಭದ ಹಂಚಿಕೆಯಿಂದ ಮಂಡಳಿಗೆ ಈವರೆಗೆ ಬಂದದ್ದೆಷ್ಟು, ಯಾವ ಪಂಚಾಯಿತಿಗೆ ಹೋದದ್ದೆಷ್ಟು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯುವುದು ಇನ್ನೊಂದು ಕೆಲಸ. ಅಪ್ಪೆಮಿಡಿ, ಉಪ್ಪಾಗೆಗಳಿಗೆ ಶುಲ್ಕದ ಠರಾವನ್ನು ಒಂದಾದರೂ ಪಂಚಾಯಿತಿ ಮುಂದಿನ ಕೊಯ್ಲಿನ ಮೊದಲೇ ಮಾಡಲಿ. ಇಲಾಖೆ ಆಕ್ಷೇಪಿಸಿದರೆ ಆ ಆಕ್ಷೇಪಣೆಯನ್ನು ಲಿಖಿತವಾಗಿ ಪಡೆಯೋಣ.

ಆ ದಿನ ಪಂಚಾಯಿತಿ ಕಚೇರಿಯಿಂದ ಹೊರಡುವಾಗ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿದೆ, ಊರಿನವರು ಸೇರಿ ಸರಿಯಾದ ಪಟ್ಟಿ ತಯಾರಿಸಿ ಕೊಟ್ಟರೆ ಇದಕ್ಕೆ ಸೇರಿಸುತ್ತೀರಾ ಎಂದು. ಸಭ್ಯ ಮನುಷ್ಯ. ಅಗತ್ಯವಾಗಿ ಸೇರಿಸೋಣ ಸಾರ್, ಆದರೆ ನಿರ್ವಹಣಾ ಸಮಿತಿಯ ಸಭೆ ಕರೆದು ಠರಾವು ಆಗಬೇಕು ಎಂದರು. ಹಾಗಿದ್ದರೆ ಸಮಿತಿಯ ಸದಸ್ಯರು ಯಾರೆಂದು ತಿಳಿಸಿ, ನಾನೇ ಭೇಟಿಯಾಗುತ್ತೇನೆ ಎಂದೆ. ಹೆಸರುಗಳನ್ನು ಹುಡುಕಲು ಅವರು ಒಂದು ವಾರದ ಕಾಲಾವಕಾಶ ಕೇಳಿದರು.